ದುಂಬಿಯ ವಿಷ ಮತ್ತು ವಿರೋಧೀ ಹಿಂಸೆ

ಸಂಕಲ್ಪೀ ಹಿಂಸೆ ಶ್ರಾವಕನಿಗೆ ಸರ್ವಥಾ ವರ್ಜ್ಯವೆಂದೂ, ಆತ್ಮರಕ್ಷಣೆಗಾಗಿ ಒದಗುವ ವಿರೋಧೀ ಹಿಂಸೆಯನ್ನು ಗೃಹಸ್ಥನು ಸಂಪೂರ್ಣವಾಗಿ ತ್ಯಜಿಸಲಾರನೆಂದೂ ನಮ್ಮಲ್ಲಿ ವಿವೇಚಿಸಲಾಗಿದೆ. ಆದರೆ ಈ ರಕ್ಷಣೆಯ ಮೇರೆ ಎಲ್ಲಿಯವರೆಗೆ? ಡಾಬಕಾ ಭಾಗದ ಹೊಲಗಳಲ್ಲಿಯೇ ಇದಕ್ಕೊಂದು ದೃಷ್ಟಾಂತವುಂಟು.

ಉದ್ದು, ಹೆಸರು, ತೊಗರಿ ಹೂಬಿಟ್ಟಾಗ ಕಪ್ಪು ಮೈಯ ಮೇಲೆ ಕಿತ್ತಳೆ ಪಟ್ಟೆಗಳುಳ್ಳ ದುಂಬಿಯೊಂದು ಬಂದು ಹೂಗಳನ್ನು ತಿನ್ನುತ್ತದೆ. ಅದನ್ನು ಹಿಡಿದು ಹಿಸುಕಿದರೆ ಕಾಲಿನ ಕೀಲುಗಳಿಂದ ಹಳದಿ ದ್ರವ ಒಸರಿ ಚರ್ಮದ ಮೇಲೆ ಗುಳ್ಳೆಗಳೇಳುತ್ತವೆ. ಆ ವಿಷದ ಹೆಸರು ಕ್ಯಾಂಥರಿಡಿನ್. ಫ್ರಾನ್ಸಿನ ರೊಬಿಕೆ ಎಂಬ ರಸಾಯನಶಾಸ್ತ್ರಜ್ಞನು 1810ರಲ್ಲಿ ಇದೇ ವರ್ಗದ ದುಂಬಿಗಳಿಂದ ಅದನ್ನು ಪ್ರತ್ಯೇಕಿಸಿದನು. ಗಂಡು ದುಂಬಿ ಸಂಗಮಕಾಲದಲ್ಲಿ ಅದನ್ನು ಹೆಣ್ಣಿಗೆ ದಾಟಿಸುವುದರಿಂದ ಮೊಟ್ಟೆಗಳಿಗೂ ರಕ್ಷಣೆ ದೊರೆಯುತ್ತದೆ. ಈ ಜೀವಿಗೆ ಚೇಳಿನ ಕೊಂಡಿಯಿಲ್ಲ, ಹಾವಿನ ಹಲ್ಲಿಲ್ಲ. ಅದರ ಬಣ್ಣವೇ ಎಚ್ಚರಿಕೆ, ಮುಟ್ಟದವನಿಗೆ ಬಾಧೆಯಿಲ್ಲ. ದುಂಬಿಯನ್ನು ವ್ರತಿಯೆಂದು ಹೊಗಳುವ ಉದ್ದೇಶ ನನ್ನದಲ್ಲ. ಅದರ ವಿಷವು ತಾನಾಗಿ ಯಾರನ್ನೂ ಅರಸಿಕೊಂಡು ಹೋಗುವುದಿಲ್ಲವೆಂಬುದಷ್ಟೇ ಇಲ್ಲಿ ಗಮನಾರ್ಹ.

ಇದಕ್ಕೊಂದು ಆಕ್ಷೇಪವುಂಟು. ಅಮೆರಿಕದಲ್ಲಿ ಕುದುರೆಮಸಾಲೆ ಸೊಪ್ಪನ್ನು ಯಂತ್ರದಿಂದ ಕೊಯ್ದು ಜಜ್ಜುವಾಗ ಇಂಥ ದುಂಬಿಗಳೂ ಅದರೊಳಗೆ ಸಿಕ್ಕಿ ಸತ್ತು, ಆ ಒಣಮೇವು ತಿಂದ ಕುದುರೆಗಳು ಪ್ರಾಣ ಬಿಟ್ಟದ್ದುಂಟು. ಕುದುರೆಗೆ ದುಂಬಿಯ ಮೇಲೆ ಯಾವ ವೈರ? ವಿಷ ದುಂಬಿಯದು, ನಿಜ. ಆದರೆ ಪ್ರಮಾದ ಯಾರದು? ಹಿಂಸೆಯನ್ನು ಪ್ರಮಾದದಿಂದ ಅಳೆಯುವ ನಮಗೆ ಈ ಪ್ರಶ್ನೆ ಸಣ್ಣದಲ್ಲ.

ಬೆಳೆಯ ಮೇಲೆ ಕೀಟನಾಶಕ ಸಿಂಪಡಿಸುವುದೂ ವಿರೋಧೀ ಹಿಂಸೆಯೇ ಎಂದು ನಮ್ಮ ವ್ಯಾಪಾರಿ ಬಂಧುಗಳು ವಾದಿಸುತ್ತಾರೆ. ರೈತನ ನಷ್ಟ ಸುಳ್ಳಲ್ಲ; ಬೇಳೆಕಾಳುಗಳ ವ್ಯಾಪಾರದಲ್ಲಿ ಬದುಕಿದ ನಾನು ಅದನ್ನು ಅಲ್ಲಗಳೆಯಲಾರೆ. ಆದರೆ ಹೂವಿನ ಮೇಲೆ ಬಿದ್ದ ಔಷಧಿಯು ಹೂ ತಿನ್ನಲು ಬಂದವರಾರು, ಮಕರಂದಕ್ಕೆ ಬಂದವರಾರು ಎಂದು ವಿಚಾರಿಸುವುದಿಲ್ಲ. ಪರಾಗಸ್ಪರ್ಶ ಮಾಡುವ ಜೇನುನೊಣವೂ ಸಾಯುತ್ತದೆ. ಇದೇ ದುಂಬಿಯ ಮರಿಗಳು ಮಣ್ಣಿನೊಳಗೆ ಮಿಡತೆಯ ಮೊಟ್ಟೆಗಳನ್ನು ತಿಂದು ಹೊಲಕ್ಕೆ ಉಪಕಾರ ಮಾಡುತ್ತವೆಂಬುದೂ ಲೆಕ್ಕಕ್ಕೆ ಬರುವುದಿಲ್ಲ. ವಿರೋಧಿಸಲು ಬಾರದ ಜೀವವನ್ನು ಕೊಂದು ಅದಕ್ಕೆ ವಿರೋಧೀ ಎಂಬ ಹೆಸರಿಡುವುದು ಹೇಗೆ?

ಸಿಂಪಡಿಸಿದವನು ರೈತ, ಕೊಂಡವರು ನಾವು ಎಂದು ಜಾರಿಕೊಳ್ಳುವಂತಿಲ್ಲ. ಕೃತದ ಜೊತೆಗೆ ಕಾರಿತ, ಅನುಮೋದನೆಗಳೂ ಇವೆ. ಬಸದಿಯ ಟ್ರಸ್ಟುಗಳು ತಮ್ಮ ಭೋಜನಶಾಲೆಗೆ, ಹೂಬಿಟ್ಟಾಗ ಔಷಧಿ ಹೊಡೆಯದ ತೊಗರಿಯನ್ನೇ ಮುಂಚಿತವಾಗಿ ಮಾತಾಡಿ ಕೊಳ್ಳಬಹುದು. ಇಳುವರಿ ತಗ್ಗಿ ದರ ಏರೀತು. ಆ ಹೆಚ್ಚಳವನ್ನು ಟ್ರಸ್ಟು ಹೊರಬೇಕೇ ಹೊರತು ರೈತನ ತಲೆಗೆ ಕಟ್ಟಬಾರದು.