ಕರುಣರಸವೂ ಕರುಣೆಯೂ

ಪರರ ಸಂಕಟದ ಚಿತ್ರಕ್ಕೆ ಬಹುಮಾನ ಕೊಡುವುದು ಸರಿಯೆ? ಪುಲಿಟ್ಜರ್ ಪಾರಿತೋಷಕದ ಸುದ್ದಿ ಬಂದಾಗಲೆಲ್ಲ ಈ ಪ್ರಶ್ನೆ ನನ್ನನ್ನು ಕಾಡುತ್ತದೆ. ಯುದ್ಧ, ಕ್ಷಾಮ, ದೊಂಬಿಗಳ ನಡುವೆ ನಿಂತು ಚಿತ್ರ ತೆಗೆಯುವವನಿಗೆ ಎದೆಗಾರಿಕೆ ಬೇಕು, ಕೈಯಲ್ಲಿ ಕಸಬು ಬೇಕು. ನಮ್ಮ ದೇಶದ ದಾನಿಶ್ ಸಿದ್ದೀಕಿಯವರು ರೋಹಿಂಗ್ಯಾ ನಿರಾಶ್ರಿತರ ಚಿತ್ರಗಳಿಗಾಗಿ 2018ರಲ್ಲಿ ರಾಯ್ಟರ್ಸ್ ತಂಡದೊಡನೆ ಈ ಬಹುಮಾನ ಪಡೆದರು. 2021ರಲ್ಲಿ ಆಫ್ಘಾನಿಸ್ತಾನದ ಕಾಳಗವನ್ನು ವರದಿ ಮಾಡುತ್ತಲೇ ಪ್ರಾಣ ತೆತ್ತರು. ಇಂಥವರಿಗೆ ಮನ್ನಣೆ ಸಲ್ಲಬಾರದೆಂದು ಯಾರು ಹೇಳಿಯಾರು?

ಆದರೂ ಮನಸ್ಸನ್ನು ಕಲಕುವ ಚಿತ್ರವೊಂದಿದೆ. 1993ರ ಮಾರ್ಚ್ ತಿಂಗಳಲ್ಲಿ ದಕ್ಷಿಣ ಆಫ್ರಿಕದ ಕೆವಿನ್ ಕಾರ್ಟರ್ ಅದನ್ನು ದಕ್ಷಿಣ ಸೂಡಾನಿನ ಅಯೋದ್ ಎಂಬಲ್ಲಿ ತೆಗೆದರು. ಅಲ್ಲಿ ಅಂತರ್ಯುದ್ಧ, ಅದರ ಬೆನ್ನಿಗೇ ಕ್ಷಾಮ. ಹಸಿವಿನಿಂದ ಕುಸಿದು ನೆಲಕ್ಕೆ ತಲೆಯೂರಿದ, ಎಲುಬಿನ ಗೂಡಾದ ಮಗು. ಅದರ ಹಿಂದೆ ಕಾದು ಕುಳಿತ ರಣಹದ್ದು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅದನ್ನು ಪ್ರಕಟಿಸಿತು. ಮಗುವಿಗೆ ಏನಾಯಿತೆಂದು ಓದುಗರು ವಿಚಾರಿಸತೊಡಗಿದರು. ಹದ್ದನ್ನು ಓಡಿಸಿದ ಮೇಲೆ ಮಗು ಚೇತರಿಸಿಕೊಂಡು ಮುಂದೆ ನಡೆಯಿತು, ಗಂಜಿಕೇಂದ್ರವನ್ನು ಮುಟ್ಟಿತೋ ಇಲ್ಲವೋ ತಿಳಿಯದು ಎಂದು ಪತ್ರಿಕೆ ಉತ್ತರ ಕೊಟ್ಟಿತು. 1994ರಲ್ಲಿ ಚಿತ್ರಕ್ಕೆ ಪುಲಿಟ್ಜರ್ ಬಂತು. ಮಗುವನ್ನು ಎತ್ತಿಕೊಳ್ಳಲಿಲ್ಲವೇಕೆ ಎಂಬ ನಿಂದೆಯೂ ಬಂತು. ಅದೇ ಜುಲೈನಲ್ಲಿ ಕಾರ್ಟರ್ ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಅವರ ಬಾಳಿನಲ್ಲಿ ಬೇರೆ ತಾಪಗಳೂ ಇದ್ದುವು; ಈ ಚಿತ್ರವೊಂದನ್ನೇ ಕಾರಣವೆನ್ನುವುದು ನ್ಯಾಯವಲ್ಲ.

ನಮ್ಮ ಆಲಂಕಾರಿಕರು ಕರುಣವನ್ನೂ ರಸಗಳಲ್ಲಿ ಎಣಿಸಿದರು. ಇದನ್ನು ತರಗತಿಯಲ್ಲಿ ಪಾಠ ಹೇಳುವಾಗ, ಶೋಕ ಆನಂದವಾಗುವುದು ಹೇಗೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಕಾವ್ಯದ ಶೋಕ ಇಂಥವರದೇ ಎಂದು ಉಳಿಯದೆ ಸಾಧಾರಣೀಕರಣಗೊಳ್ಳುತ್ತದೆ. ಆದುದರಿಂದಲೇ ನಾವು ಅದನ್ನು ಕುಳಿತು ಸವಿಯಬಲ್ಲೆವು. ಪಕ್ಕದ ಮನೆಯ ಅಳುವನ್ನು ಹಾಗೆ ಕುಳಿತು ಸವಿಯುವವನನ್ನು ಯಾರೂ ರಸಿಕನೆನ್ನುವುದಿಲ್ಲ.

ಛಾಯಾಚಿತ್ರವಾದರೋ ಪಕ್ಕದ ಮನೆಯ ಅಳುವೇ. ಅದರಲ್ಲಿರುವ ಮಗುವಿಗೆ ಹೆಸರಿದೆ, ತಂದೆತಾಯಿಗಳಿದ್ದಾರೆ. ಬಹುಮಾನ ಅದನ್ನು ಮೆಲ್ಲನೆ ಕಾವ್ಯದ ಸಾಲಿಗೆ ಸೇರಿಸಿಬಿಡುತ್ತದೆ. ಆಮೇಲೆ ನಾವು ಚಿತ್ರದ ಜೋಡಣೆಯನ್ನು ಮೆಚ್ಚುತ್ತೇವೆ. ಮಗು 'ಆಫ್ರಿಕದ ಹಸಿವು' ಎಂಬ ಪ್ರತಿಮೆಯಾಗುತ್ತದೆ. ಇದು ಬರಿಯ ತರ್ಕವಲ್ಲ. ಲೋಕವೆಲ್ಲ ಆ ಮಗುವನ್ನು ಹೆಣ್ಣೆಂದು ನಂಬಿತ್ತು. 2011ರಲ್ಲಿ ಸ್ಪೇನಿನ ಎಲ್ ಮುಂಡೋ ಪತ್ರಿಕೆ ವಿಚಾರಿಸಿದಾಗ ಅದು ಗಂಡುಮಗುವೆಂದೂ, ಆ ಕ್ಷಾಮದಲ್ಲಿ ಬದುಕಿ ಉಳಿದನೆಂದೂ, ಹಲವು ವರ್ಷಗಳ ಮೇಲೆ ಜ್ವರದಿಂದ ತೀರಿಕೊಂಡನೆಂದೂ ತಿಳಿದುಬಂತು. ಅವನ ಮುಂಗೈಯಲ್ಲಿ ಪ್ಲಾಸ್ಟಿಕ್ ಪಟ್ಟಿಯೊಂದಿತ್ತು, ಅನ್ನಕೇಂದ್ರದಲ್ಲಿ ಹೆಸರು ದಾಖಲಾಗಿತ್ತೆಂಬುದಕ್ಕೆ ಗುರುತು. ಅದು ಚಿತ್ರದಲ್ಲೇ ಕಾಣುತ್ತದೆ. ನೋಡಿದವರ ಕಣ್ಣೆಲ್ಲ ಹದ್ದಿನ ಮೇಲಿತ್ತು.

ಹಾಗಾದರೆ ಇಂಥ ಚಿತ್ರಗಳು ಬೇಡವೆ? ಹಾಗೆಂದರೆ, ಕಾಣದ ಸಂಕಟ ಇಲ್ಲದ ಸಂಕಟವೆಂದು ಸುಖವಾಗಿರುವವರಿಗೆ ಅನುಕೂಲ ಮಾಡಿಕೊಟ್ಟಂತಾಗುತ್ತದೆ. ಚಿತ್ರ ಬೇಕು, ಚಿತ್ರಗಾರನಿಗೆ ಗೌರವವೂ ಬೇಕು. ಆದರೆ ಅದನ್ನು ನೋಡುವ ಹಕ್ಕಿಗೆ ಒಂದು ಋಣವಿದೆ. ಪಾರಿತೋಷಕ ಕೊಡುವ ಪತ್ರಿಕಾಲೋಕ ಮತ್ತೆ ಆ ಊರಿಗೆ ಹೋಗಿ, ಅಲ್ಲಿದ್ದವರ ಹೆಸರು ಕೇಳಿ ಬರಬೇಕು. ಇಲ್ಲಿ ಅದಕ್ಕೆ ಹದಿನೆಂಟು ವರ್ಷ ಹಿಡಿಯಿತು.

ನಮ್ಮ ಪಾಲಿನ ಋಣವೂ ಇದೆ. 'ನೀನೇಕೆ ಎತ್ತಿಕೊಳ್ಳಲಿಲ್ಲ?' ಎಂಬ ಪ್ರಶ್ನೆ ಸುಲಭವಾದದ್ದು. ಕೇಳಿದವನ ಕೈಗೆ ಅದು ಯಾವ ಕೆಲಸವನ್ನೂ ಹಚ್ಚುವುದಿಲ್ಲ. 'ಮಗುವಿಗೆ ಏನಾಯಿತು?' ಎಂದು 1993ರಲ್ಲಿ ವಿಚಾರಿಸಿದರಲ್ಲ, ಅವರ ಪ್ರಶ್ನೆಯೇ ಬೇರೆ ಜಾತಿಯದು. ಅದು ರಸಿಕನ ಪ್ರಶ್ನೆಯಲ್ಲ, ನೆರೆಯವನ ಪ್ರಶ್ನೆ. ಕರುಣರಸಕ್ಕೆ ಚಿತ್ರವೊಂದಿದ್ದರೆ ಸಾಕು; ಕರುಣೆಗೆ ಆ ಮಗುವಿನ ಹೆಸರು ಬೇಕು.