ವಂಶವೃಕ್ಷದಲ್ಲಿ ಇಲ್ಲದ ಹೆಸರು

ನನ್ನ ತಂಗಿಯ ಮಗಳು ಇರುವುದು ಕೆನಡಾದ ಮಾಂಟ್ರಿಯಲ್‌ನಲ್ಲಿ. ಗಂಡ ಅಲ್ಲಿಯವನೇ, ಮನೆಮಾತು ಫ್ರೆಂಚ್. ಕಳೆದ ಬೇಸಿಗೆಯಲ್ಲಿ ಕೂಸನ್ನು ಎತ್ತಿಕೊಂಡು ಬಂದವಳು ಒಂದು ಕಾಗದದ ಸುರುಳಿ ಬಿಚ್ಚಿ ತೋರಿಸಿದಳು. ಅವಳ ಅತ್ತೆ ವರ್ಷಗಟ್ಟಲೆ ಚರ್ಚುಗಳ ದಾಖಲೆ ಹುಡುಕಿ ಬರೆಸಿದ ವಂಶವೃಕ್ಷ. ಬುಡದಲ್ಲಿ ಲೂಯಿ ಎಬೇರ್ ಮತ್ತು ಮರಿ ರೊಲೆ ದಂಪತಿ.

ಪ್ಯಾರಿಸ್ಸಿನಲ್ಲಿ ಔಷಧಿ ವ್ಯಾಪಾರ ಮಾಡುತ್ತಿದ್ದ ಎಬೇರ್, 1617ರಲ್ಲಿ ಹೆಂಡತಿ ಮತ್ತು ಮೂವರು ಮಕ್ಕಳೊಡನೆ ಹಡಗು ಹತ್ತಿ ಕ್ವಿಬೆಕ್ಕಿಗೆ ಬಂದ. ಅಲ್ಲಿ ಹೊಲ ಹೂಡಿ ನೆಲೆನಿಂತ ಮೊದಲ ಫ್ರೆಂಚ್ ಸಂಸಾರ ಅದೇ ಎನ್ನುತ್ತಾರೆ. ಮಗಳು ಗಿಯೆಮೆಟ್ ಮತ್ತು ಅಳಿಯ ಗಿಯೋಮ್ ಕುಯಾರ್‌ಗೆ ಹತ್ತು ಮಕ್ಕಳು. ಇಂದು ಅಲ್ಲಿನ ಎಷ್ಟೋ ಮನೆಗಳ ಬೇರು ಇವರಲ್ಲಿಗೇ ಹೋಗಿ ಸೇರುತ್ತದೆ. ಆ ದಾಖಲೆಗಳಲ್ಲಿ ಮದುವೆಯಾದ ಮೇಲೂ ಹೆಂಗಸಿಗೆ ತವರಿನ ಹೆಸರೇ. ನಮ್ಮ ಮನೆಯ ವಂಶಾವಳಿಯಲ್ಲಿ ಅಜ್ಜಿಯ ಹೆಸರೇ ಇಲ್ಲವಲ್ಲ ಎಂದು ನನಗೆ ಹೊಟ್ಟೆಕಿಚ್ಚಾಯಿತು.

"ದೊಡ್ಡಮ್ಮಾ, ಆ ಮನೆಯಲ್ಲಿ ಇನ್ನೊಬ್ಬ ಇದ್ದ, ಅವನು ಇದರಲ್ಲಿ ಇಲ್ಲ" ಎಂದಳು ಮಗಳು.

ಅವನು ಆಫ್ರಿಕಾದ ಕಡೆಯ ಒಬ್ಬ ಹುಡುಗ. ಇಂಗ್ಲಿಷರು ಕ್ವಿಬೆಕ್ಕನ್ನು ಹಿಡಿದ 1629ರ ಸುಮಾರಿಗೆ ಅವನನ್ನು ಅಲ್ಲಿ ಮಾರಿದರು. ಕೊಂಡವನು ಅವನನ್ನು ಕುಯಾರ್ ಮನೆಗೆ ಕೊಟ್ಟ. ಪೌಲ್ ಲೆ ಜೂನ್ ಎಂಬ ಪಾದ್ರಿ ಅಕ್ಷರ ಕಲಿಸಲು ಕುಳಿತಾಗ ಮೊದಲ ಶಿಷ್ಯರಲ್ಲಿ ಈತನೂ ಒಬ್ಬ. ವಸಾಹತಿನ ಗುಮಾಸ್ತನೊಬ್ಬನ ಹೆಸರು ಒಲಿವಿಯೆ, ಕಲಿಸಿದವನ ಹೆಸರು ಲೆ ಜೂನ್. ಎರಡನ್ನೂ ಸೇರಿಸಿ ಹುಡುಗನಿಗೆ 'ಒಲಿವಿಯೆ ಲೆ ಜೂನ್' ಎಂದು ಹೆಸರಿಟ್ಟರು. ಹೆತ್ತವಳು ಕರೆದ ಹೆಸರನ್ನು ಯಾರೂ ಬರೆದಿಡಲಿಲ್ಲ. 1654ರಲ್ಲಿ ಅವನು ತೀರಿಕೊಂಡ. ಕ್ವಿಬೆಕ್ ನಗರದಲ್ಲಿ ಎಬೇರನ ಸ್ಮಾರಕವಿದೆ. ಅದರಲ್ಲಿ ಮಕ್ಕಳೊಡನೆ ಮರಿ ರೊಲೆ ಇದ್ದಾಳೆ, ನೇಗಿಲು ಹಿಡಿದ ಕುಯಾರನೂ ಇದ್ದಾನೆ. ಆ ಹುಡುಗ ಇಲ್ಲ.

ಅವನ ಹೆಸರನ್ನೂ ಬರೆಯೋಣ ಎಂದರೆ ಅತ್ತೆ ಒಪ್ಪಲಿಲ್ಲವಂತೆ. ರಕ್ತಸಂಬಂಧ ಇಲ್ಲದವನನ್ನು ವಂಶವೃಕ್ಷದಲ್ಲಿ ಎಲ್ಲಿ ಬರೆಯುವುದು? ನಾಲ್ಕು ಶತಮಾನದ ಹಿಂದೆ ಯಾರೋ ಮಾಡಿದ್ದಕ್ಕೆ ಈ ಕೂಸು ಏನು ಮಾಡೀತು?

ಮಾತು ನ್ಯಾಯವಾದದ್ದೇ. ಮುತ್ತಜ್ಜ ಮಾಡಿದ ತಪ್ಪಿಗೆ ಮರಿಮಗುವನ್ನು ಕಟಕಟೆಗೆ ಹತ್ತಿಸಲಾದೀತೇ? ಆದರೆ ಅದೇ ಮುತ್ತಜ್ಜ ಕಾಡು ಕಡಿದು ಹೊಲ ಮಾಡಿದ್ದನ್ನು ನಮ್ಮದೇ ಸಾಧನೆಯೆಂಬಂತೆ ಹೇಳಿಕೊಂಡು ಬೀಗುತ್ತೇವಲ್ಲ! ಅಜ್ಜನ ಆಸ್ತಿಗೆ ಹಕ್ಕುದಾರರು, ಸಾಲದ ಮಾತು ಬಂದರೆ ನಾವು ಯಾರೋ! ಆ ನೆಲದಲ್ಲಿ ಮೊದಲೇ ಇದ್ದ ಜನರ ಮಾತೂ ಆ ಸಾಲದ ಪತ್ರದಲ್ಲೇ ಬರಬೇಕಲ್ಲವೇ?

ಇಷ್ಟು ದೊಡ್ಡದಾಗಿ ಯೋಚಿಸುತ್ತಿದ್ದ ನನಗೆ ಅಂದು ರಾತ್ರಿ ನಿದ್ದೆ ಹತ್ತಲಿಲ್ಲ. ನನ್ನ ಅಜ್ಜನ ಮನೆಯಲ್ಲಿಯೂ ಒಬ್ಬ ಜೀತಕ್ಕಿದ್ದ. ಅವನ ಅಪ್ಪ ಮಾಡಿದ ಸಾಲಕ್ಕಾಗಿ ಚಿಕ್ಕಂದಿನಲ್ಲೇ ಬಂದವನು. 1976ರಲ್ಲಿ ಜೀತ ರದ್ದು ಮಾಡುವ ಕಾಯ್ದೆ ಬಂದ ಮೇಲೂ ಹೋಗಲು ಬೇರೆ ಜಾಗವಿಲ್ಲದೆ ಅಲ್ಲೇ ಉಳಿದ. ಮಳೆಗಾಲದಲ್ಲಿ ಹಳ್ಳ ದಾಟಿಸಿ ನನ್ನನ್ನು ಹೆಗಲ ಮೇಲೆ ಶಾಲೆಗೆ ಹೊತ್ತೊಯ್ದವನು ಅವನೇ. ಅವನು ನೀರುಣಿಸಿದ ಅಡಿಕೆ ತೋಟದ ಹಣದಲ್ಲೇ ನಾನು ಬಿ.ಎ., ಬಿ.ಎಡ್. ಮಾಡಿದ್ದು. ತಲೆ ನರೆತ ಮೇಲೂ ಮನೆಯವರೆಲ್ಲ ಅವನನ್ನು 'ಹುಡುಗಾ' ಎಂದೇ ಕರೆಯುತ್ತಿದ್ದೆವು. ವರ್ಷಗಟ್ಟಲೆ ಸಾವಿರಾರು ಮಕ್ಕಳ ಹಾಜರಿ ಕೂಗಿದವಳು ನಾನು. ಅವನ ನಿಜವಾದ ಹೆಸರು ನನಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಮಗಳಿಗೆ ಹೇಳಿದೆ: "ಅತ್ತೆಯ ಜತೆ ಜಗಳ ಆಡಬೇಡ. ಕೂಸು ದೊಡ್ಡದಾದ ಮೇಲೆ ಎಬೇರನ ಕತೆ ಹೇಳುವಾಗ ಒಲಿವಿಯೆಯ ಕತೆಯನ್ನೂ ಹೇಳು. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಬೇಡ."

ಅವಳು ಹೊರಟ ಮೇಲೆ ಊರಿನ ಬಸ್ಸು ಹತ್ತಿದೆ. ಅವನ ತಂಗಿ ಇನ್ನೂ ಬದುಕಿದ್ದಾಳೆಂದು ಕೇಳಿದ್ದೆ. ಜಗಲಿಯ ಮೇಲೆ ಕುಳಿತಿದ್ದ ಮುದುಕಿ ನನ್ನನ್ನು ಗುರುತು ಹಿಡಿದು, "ಏನು ಅವ್ವಾ, ಇಷ್ಟು ದೂರ?" ಎಂದಳು.

"ನಿನ್ನ ಅಣ್ಣನ ಹೆಸರು ಕೇಳಿಕೊಂಡು ಹೋಗೋಣ ಅಂತ ಬಂದೆ" ಎಂದೆ. ಅವಳು ತುಂಬ ಹೊತ್ತು ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಹೇಳಿದಳು.