ಗಾಯ ಕಟ್ಟುವ ಕೈ, ಗುಣಪಡಿಸುವ ದೇವರು

ಗುಣವಾಗುವ ಭರವಸೆಯಿಲ್ಲದ ರೋಗಿಯ ಮುಂದೆ ನಿಂತಾಗ ನಮ್ಮ ಕರ್ತವ್ಯವೇನು? ಹೆತ್ತವರು ಮಾತು ನಿಂತು, ನೆನಪು ಅಳಿದು ಹಾಸಿಗೆ ಹಿಡಿದಾಗ ಅನೇಕ ಕುಟುಂಬಗಳನ್ನು ಕಾಡುವ ಪ್ರಶ್ನೆಯಿದು. ಪ್ರಿಯ ಓದುಗರೇ, ಇದೇ ಪ್ರಶ್ನೆಯನ್ನು ರಣರಂಗದಲ್ಲಿ ಎದುರಿಸಿದ ಹದಿನಾರನೆಯ ಶತಮಾನದ ಫ್ರೆಂಚ್ ಶಸ್ತ್ರವೈದ್ಯನೊಬ್ಬನನ್ನು ನಿಮಗೆ ಪರಿಚಯಿಸಬಯಸುತ್ತೇನೆ.

ಆತನ ಹೆಸರು ಆಂಬ್ರುವಾಜ್ ಪಾರೆ. ಕ್ಷೌರಿಕ ವೃತ್ತಿಯಿಂದ ಮೇಲೆ ಬಂದವನು. ಪಂಡಿತರ ಲತೀನ್ ಭಾಷೆ ಅವನಿಗೆ ತಿಳಿಯದು. ಕೋವಿಮದ್ದು ತಗುಲಿದ ಗಾಯ ವಿಷಮಯವೆಂದೂ ಅದನ್ನು ಕುದಿಯುವ ಎಣ್ಣೆಯಿಂದ ಸುಡಬೇಕೆಂದೂ ಇಟಲಿಯ ಜೊವಾನ್ನಿ ದ ವೀಗೊ 1514ರ ತನ್ನ ಗ್ರಂಥದಲ್ಲಿ ಬೋಧಿಸಿದ್ದನು. 1537ರ ಟ್ಯೂರಿನ್ ದಂಡಯಾತ್ರೆಯಲ್ಲಿ ಪಾರೆಯ ಬಳಿ ಎಣ್ಣೆ ಮುಗಿದುಹೋಯಿತು. ಉಳಿದ ಗಾಯಾಳುಗಳಿಗೆ ಅವನು ಮೊಟ್ಟೆಯ ಹಳದಿ, ಗುಲಾಬಿ ಎಣ್ಣೆ ಮತ್ತು ಟರ್ಪೆಂಟೈನ್ ಕಲಸಿದ ಲೇಪವನ್ನು ಹಚ್ಚಿದನು. ಅವರು ವಿಷವೇರಿ ಸತ್ತಿರುತ್ತಾರೆಂಬ ಭಯದಿಂದ ರಾತ್ರಿಯೆಲ್ಲ ನಿದ್ರೆಯಿಲ್ಲ. ಬೆಳಗ್ಗೆ ನೋಡಿದರೆ ಲೇಪ ಹಚ್ಚಿಸಿಕೊಂಡವರು ನೆಮ್ಮದಿಯಿಂದಿದ್ದರು. ಎಣ್ಣೆ ಸುರಿಸಿಕೊಂಡವರು ಜ್ವರ, ಊತ, ನೋವುಗಳಿಂದ ನರಳುತ್ತಿದ್ದರು. ಅಂದೇ ಅವನು ಆ ಕ್ರೂರ ಪದ್ಧತಿಯನ್ನು ಕೈಬಿಡಲು ನಿಶ್ಚಯಿಸಿದನು. 1545ರಲ್ಲಿ ಅದನ್ನು ಪುಸ್ತಕವಾಗಿ ಜಗತ್ತಿಗೆ ತಿಳಿಸಿದನು.

ಅದೇ ದಂಡಯಾತ್ರೆಯಲ್ಲಿ ಒಂದು ಕುದುರೆಲಾಯದೊಳಗೆ ಮದ್ದಿನಿಂದ ಮುಖ ಸುಟ್ಟು ವಿರೂಪಗೊಂಡ ಸೈನಿಕರನ್ನು ಅವನು ಕಂಡನು. ಅವರಿಗೆ ದೃಷ್ಟಿಯಿಲ್ಲ, ಶ್ರವಣವಿಲ್ಲ, ಮಾತಿಲ್ಲ. ಇವರನ್ನು ಬದುಕಿಸಬಹುದೇ ಎಂದು ಮುದಿ ಸೈನಿಕನೊಬ್ಬ ಕೇಳಿದನು. ಸಾಧ್ಯವಿಲ್ಲವೆಂದು ಪಾರೆ ಹೇಳಿದೊಡನೆ, ಆತ ಸಿಟ್ಟಿಲ್ಲದೆ, ಮೃದುವಾಗಿಯೇ ಅವರ ಕತ್ತು ಕೊಯ್ದನು. ನೀನು ದುಷ್ಟನೆಂದು ಪಾರೆ ಗದರಿದಾಗ, ತನಗೂ ಇಂಥ ಗತಿ ಬಂದರೆ ಯಾರಾದರೂ ಹೀಗೆಯೇ ಮಾಡಲೆಂದು ದೇವರಲ್ಲಿ ಬೇಡುತ್ತೇನೆಂದು ಉತ್ತರಿಸಿದನು.

ಈ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗದು. ಅವನದು ಕ್ರೌರ್ಯವಲ್ಲ, ಕನಿಕರ. ಆದರೂ ಪಾರೆಯ ಮನಸ್ಸು ಅದನ್ನು ಒಪ್ಪಲಿಲ್ಲ.

ಮುಂದೆ, 1552ರಲ್ಲಿ, ಚಕ್ರವರ್ತಿ ಐದನೆಯ ಚಾರ್ಲ್ಸನು ಮೆಟ್ಸ್ ನಗರವನ್ನು ಮುತ್ತಿದನು. ಫಿರಂಗಿಯ ಹೊಡೆತಕ್ಕೆ ಸಿಡಿದ ಕಲ್ಲು ಪಿಯೆನ್ ಎಂಬ ಶ್ರೀಮಂತನ ಕಪಾಲಕ್ಕೆ ಬಡಿದು ಮೂಳೆ ಮುರಿದು ಒಳಕುಸಿಯಿತು. ಬಾಯಿ, ಮೂಗು, ಕಿವಿಗಳಲ್ಲಿ ರಕ್ತ. ಹದಿನಾಲ್ಕು ದಿನ ಮಾತಿಲ್ಲ, ಬುದ್ಧಿಯ ಸ್ಥಿಮಿತವಿಲ್ಲ. ಅರಿವಳಿಕೆಯಿಲ್ಲದ ಆ ಕಾಲದಲ್ಲಿ ಹಣೆಯ ಮೂಳೆಯನ್ನು ಕೊರೆದು ಚಿಕಿತ್ಸೆ ಮಾಡಲಾಯಿತು. ಪಾರೆ ಇತರ ಶಸ್ತ್ರವೈದ್ಯರೊಡನೆ ಆತನ ಆರೈಕೆ ಮಾಡಿದನು. ಪಿಯೆನ್ ಬದುಕಿದನು. ತಾವು ಗಾಯ ಕಟ್ಟಿದೆವು, ಗುಣಪಡಿಸಿದವನು ದೇವರು ಎಂಬುದೇ ಪಾರೆಯ ಭಾವ.

ಪಿಯೆನ್ ಬದುಕಿದ್ದರಿಂದ ಮುದಿ ಸೈನಿಕನ ವಾದ ಸೋತಿತೆಂದು ನಾನು ಹೇಳಲಾರೆ. ಎಲ್ಲ ಪಿಯೆನ್‌ಗಳೂ ಏಳುವುದಿಲ್ಲ. ಬದುಕುಳಿಯುವುದೊಂದೇ ಆರೈಕೆಗೆ ಸಮರ್ಥನೆಯಾದರೆ, ಬದುಕದವರ ಆರೈಕೆ ವ್ಯರ್ಥವೆಂದಾಗುತ್ತದೆ. ಪಾರೆಯ ಭಾವದ ಆಳ ಇಲ್ಲಿದೆ: ಗುಣವಾಗುವುದು ನಮ್ಮ ಕೈಯಲ್ಲಿಲ್ಲ, ಗಾಯ ಕಟ್ಟುವುದು ನಮ್ಮ ಕೈಯಲ್ಲಿದೆ.

ನಮ್ಮ ಮುಂದೆಯೂ ಎರಡು ಶೋಧನೆಗಳಿವೆ. ಒಂದು ಕುದಿಯುವ ಎಣ್ಣೆ: ಫಲವಿಲ್ಲದೆ ಹಿಂಸೆಯನ್ನಷ್ಟೇ ಹೆಚ್ಚಿಸುವ ಚಿಕಿತ್ಸೆ. ಸಾವು ಸಮೀಪಿಸಿದಾಗ ಅಂಥದ್ದನ್ನು ನಿರಾಕರಿಸಬಹುದೆಂದು ಧರ್ಮಸಭೆಯೇ 1980ರ ಘೋಷಣೆಯಲ್ಲಿ ಸ್ಪಷ್ಟಪಡಿಸಿದೆ. ಇನ್ನೊಂದು ಮುದಿ ಸೈನಿಕನ ಕತ್ತಿ: ನೋವನ್ನು ನೀಗಲು ನೋಯುವವನನ್ನೇ ಇಲ್ಲವಾಗಿಸುವುದು. ಇವೆರಡರ ನಡುವೆ ಉಳಿಯುವುದು ತುಟಿ ಒದ್ದೆ ಮಾಡುವ, ಮಗ್ಗುಲು ಹೊರಳಿಸುವ, ಕೈಹಿಡಿದು ಪಕ್ಕದಲ್ಲಿ ಕೂರುವ ಸೇವೆ. ಅದು ಸೋಲಲ್ಲ.

ಲೂಕನ ಶುಭಸಂದೇಶದ ಸಮಾರಿಯದವನನ್ನು ನೆನೆಯಿರಿ. ಅರೆಜೀವವಾಗಿ ಬಿದ್ದವನ ಗಾಯಗಳಿಗೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದನು. ಛತ್ರಕ್ಕೆ ಒಯ್ದು ಆರೈಕೆಯ ವೆಚ್ಚವನ್ನೂ ಹೊತ್ತನು. ಆ ಗಾಯಾಳು ಕೊನೆಗೆ ಬದುಕಿದನೋ ಇಲ್ಲವೋ? ಪ್ರಭು ಅದನ್ನು ಹೇಳಲೇ ಇಲ್ಲ. ನೆರೆಯವನು ಯಾರೆಂದು ತಿಳಿಯಲು ಅದು ಬೇಕಾಗಿರಲಿಲ್ಲ.